ಗಾಜಿನ ಲೋಟದ ಅವರೆಕಾಳು

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಡಿಯೋ ಕರೆ ಮಾಡಿದ. ಅವನಿಗೆ ಅದು ರಾತ್ರಿಯ ಹೊತ್ತು. ಯೋಗಕ್ಷೇಮ ವಿಚಾರಿಸಿದ ಬಳಿಕ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಯ ನೆಲಮಾಳಿಗೆಗೆ ಇಳಿದ. ಅಲ್ಲಿ ಉದ್ದನೆಯ ಮೇಜಿನ ಮೇಲೆ ಸಾಲುಸಾಲಾಗಿ ಪ್ಲಾಸ್ಟಿಕ್ ಟ್ರೇಗಳು. ಅವುಗಳ ಗುಳಿಗಳಲ್ಲಿ ಟೊಮೇಟೊ, ಮೆಣಸಿನಕಾಯಿ, ಬದನೆಯ ಎಳೆಯ ಸಸಿಗಳು. ಮೇಲೆ ಬೆಳ್ಳನೆಯ ವಿದ್ಯುದ್ದೀಪ. "ಹೊರಗೆ ಇನ್ನೂ ಹಿಮ ಬಿದ್ದಿದೆ ಮೇಷ್ಟ್ರೇ. ಮೇ ತಿಂಗಳ ನಡುವಿನವರೆಗೂ ನೆಲಕ್ಕೆ ಏನನ್ನೂ ಹಾಕುವಂತಿಲ್ಲ. ಅಲ್ಲಿಯವರೆಗೆ ಇವೆಲ್ಲ ಮನೆಯೊಳಗೇ ಬೆಳೆಯಬೇಕು" ಎಂದ.

ಅಷ್ಟರಲ್ಲಿ ಅವನ ಏಳು ವರ್ಷದ ಮಗಳು ಓಡಿಬಂದು, ಒಂದು ಪ್ಲಾಸ್ಟಿಕ್ ಚೀಲವನ್ನು ಪರದೆಗೆ ಮುಟ್ಟಿಸುವಂತೆ ಹಿಡಿದಳು. ಒಳಗೆ ಒದ್ದೆ ಕಾಗದ. ಅದಕ್ಕೆ ಅಂಟಿಕೊಂಡು ಬಾಲದಂತೆ ಬೇರು ಇಳಿಬಿಟ್ಟಿದ್ದ ಒಂದು ಬೀನ್ಸ್ ಕಾಳು. ಶಾಲೆಯಲ್ಲಿ ಮಾಡಿಸಿದ್ದಂತೆ. ಬರುವಷ್ಟು ಕನ್ನಡದಲ್ಲಿ ಆ ಮಗು ನನ್ನನ್ನು ಕೇಳಿತು: "ತಾತ, ಇದು ಇಷ್ಟುದ್ದ ಬಂತು. ಇನ್ನು ಇದನ್ನ ಎಲ್ಲಿ ನೆಡೋದು?"

ಈ ಪ್ರಶ್ನೆಯನ್ನು ನಾನು ಹಿಂದೆಯೂ ಒಮ್ಮೆ ಕೇಳಿಸಿಕೊಂಡಿದ್ದೆ. ಅಂದು ಕೇಳಿದವಳೂ ಒಬ್ಬ ಹುಡುಗಿಯೇ. ಅಂದು ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು, ಒದ್ದೆ ಕಾಗದಕ್ಕೆ ಅಂಟಿದ ಈ ಕಾಳು ನಮ್ಮ ಶಾಲೆಗಳೊಳಕ್ಕೆ ಹೇಗೆ ಬಂತು ಎಂಬ ಕಥೆ ಕೇಳಿರಿ. ನನ್ನ ಬಳಿ ಐದನೆಯ, ಆರನೆಯ ತರಗತಿ ಓದಿದವರೆಲ್ಲರೂ ಗಾಜಿನ ಲೋಟ, ಮಸಿಹೀರುವ ಕಾಗದ, ಅವರೆಕಾಳುಗಳ ಆ ಪ್ರಯೋಗವನ್ನು ಮಾಡಿದವರೇ ಅಲ್ಲವೆ?

ಬೀಜವನ್ನು ಮನೆಯೊಳಗೆ ಮೊಳೆಯಿಸುವುದು ಚಳಿದೇಶದವರ ವಿದ್ಯೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಅರ್ಧ ನಿಜ. ಬೇಸಿಗೆ ಮೋಟಾಗಿರುವ ನಾಡುಗಳಲ್ಲಿ ಬೆಳೆಗೆ ಸಾಲದ ದಿನಗಳನ್ನು ಮನೆಯೊಳಗಿನ ಬೆಚ್ಚಗಿನಿಂದ ಕದ್ದುಕೊಳ್ಳುವ ಉಪಾಯ ಬಹಳ ಹಳೆಯದು. ಕ್ರಿ.ಶ. ಒಂದನೆಯ ಶತಮಾನದ ರೋಮಿನ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯ 19ನೆಯ ಸಂಪುಟದಲ್ಲಿ, ಚಕ್ರವರ್ತಿ ಟೈಬೀರಿಯಸನಿಗೆ ದಿನವೂ ಸೌತೆಯಂಥ ಕಾಯಿ ಬೇಕಿತ್ತೆಂದು ಬರೆಯುತ್ತಾನೆ. ತೋಟಗಾರರು ಅದರ ಪಾತಿಗಳನ್ನು ಚಕ್ರಗಳ ಮೇಲೆ ಮಾಡಿದ್ದರಂತೆ; ಬಿಸಿಲಿದ್ದಾಗ ಹೊರಗೆ ಎಳೆಯುವುದು, ಚಳಿಯ ದಿನ ಪಾರದರ್ಶಕ ಶಿಲೆಯ ಹಲಗೆ ಹೊದಿಸಿದ ಚೌಕಟ್ಟಿನೊಳಗೆ ಇಡುವುದು. ಮುಂದೆ ಪ್ಯಾರಿಸಿನ ಸುತ್ತಲಿನ ತರಕಾರಿ ಬೆಳೆಗಾರರು ಕುದುರೆ ಲದ್ದಿ ಕೊಳೆಯುವಾಗ ಹುಟ್ಟುವ ಶಾಖದ ಮೇಲೆ ಪಾತಿ ಮಾಡಿ, ಗಂಟೆಯಾಕಾರದ ಗಾಜಿನ ಮುಚ್ಚಳ ಕವುಚಿ, ಚಳಿಗಾಲದಲ್ಲೇ ಸಸಿ ಎಬ್ಬಿಸುವುದರಲ್ಲಿ ಹೆಸರಾದರು.

ನಿಜದ ಉಳಿದರ್ಧ ನಮ್ಮ ಮನೆಗಳಲ್ಲಿಯೇ ಇದೆ. ನೀರಾವರಿಯ ಊರುಗಳಲ್ಲಿ ಬಿತ್ತನೆ ಭತ್ತವನ್ನು ಒಂದು ದಿನ ನೀರಿನಲ್ಲಿ ನೆನೆಹಾಕಿ, ನೀರು ಬಸಿದು, ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಹುಲ್ಲು ಮುಚ್ಚಿ, ಭಾರ ಹೇರಿ, ಮನೆಯ ಮೂಲೆಯಲ್ಲಿ ಇಡುತ್ತಿದ್ದರು. ಒಂದೆರಡು ದಿನದಲ್ಲಿ ಚೀಲದೊಳಗೆ ಕೈಯಿಟ್ಟರೆ ಬೆಚ್ಚಗೆ ತಾಗುತ್ತಿತ್ತು. ಮೊಳೆಯುವ ಕಾಳು ಉಸಿರಾಡುವಾಗ ಬಿಡುವ ಶಾಖವದು. ಬಿಳಿಯ ಮೊಳಕೆ ಮೂತಿ ತೋರಿದ ಮೇಲೆಯೇ ಅದು ಸಸಿಮಡಿಗೆ ಹೋಗುತ್ತಿತ್ತು. ಮಲೆನಾಡಿನವರು ಅಗೆ ಎನ್ನುತ್ತಾರೆ, ನಮ್ಮ ಬಯಲುಸೀಮೆಯಲ್ಲಿ ಒಟ್ಟಲು. ಚಳಿದೇಶದವರು ಕಾಲವನ್ನು ಗೆಲ್ಲಲು ಬೀಜವನ್ನು ಒಳಗೆ ಮೊಳೆಯಿಸಿದರೆ, ನಮ್ಮವರು ಭರವಸೆಗಾಗಿ ಮೊಳೆಯಿಸಿದರು. ಸತ್ತ ಬೀಜವನ್ನು ನಂಬಿ ನೆಲ, ನೀರು, ಹದ ಮೂರನ್ನೂ ಕಳೆದುಕೊಳ್ಳಬಾರದೆಂಬುದು ಅವರ ಲೆಕ್ಕ. ಅವರೆ, ಅಲಸಂದೆ, ತೊಗರಿಗಳ ಬಿತ್ತನೆಗೆ ಮುನ್ನ ಹಿಡಿಕಾಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸುವ ಪದ್ಧತಿಯೂ ಇತ್ತು.

ಇದೇ ಕೆಲಸವನ್ನು ವಿಜ್ಞಾನ ಕೈಗೆತ್ತಿಕೊಂಡದ್ದು 1869ರಲ್ಲಿ. ಜರ್ಮನಿಯ ಥರಾಂಡ್ಟ್ ಎಂಬಲ್ಲಿ ಫ್ರೀಡ್ರಿಖ್ ನೊಬ್ಬೆ ಎಂಬ ಸಸ್ಯವಿಜ್ಞಾನಿ ಮೊತ್ತಮೊದಲ ಬೀಜ ಪರೀಕ್ಷಾ ಕೇಂದ್ರವನ್ನು ತೆರೆದ. ಅಂಗಡಿಯ ಬೀಜದಲ್ಲಿ ಕಸ, ಮರಳು, ಜೀವವಿಲ್ಲದ ಕಾಳು ಬೆರೆತಿರುವುದನ್ನು ಕಂಡು, ರೈತನ ಪರವಾಗಿ ಎಣಿಸಿ ಹೇಳುವವರು ಬೇಕೆಂದು ಅವನಿಗೆ ತೋರಿತು. ನಮ್ಮ ದೇಶದ 1966ರ ಬೀಜ ಕಾಯಿದೆಯ ಹಿಂದಿರುವುದೂ ಇದೇ ಎಣಿಕೆ. ಅಜ್ಜಿಯ ಒದ್ದೆಬಟ್ಟೆಯ ಗಂಟಿಗೂ ಸರ್ಕಾರಿ ಪ್ರಯೋಗಶಾಲೆಯ ಒದ್ದೆ ಕಾಗದಕ್ಕೂ ಇರುವ ಅಂತರ ನಾವು ಎಣಿಸಿದಷ್ಟು ದೊಡ್ಡದಲ್ಲ.

ಮನೆಯೊಳಗಿನ ಮೊಳಕೆ ಹೊಲದ ಕೆಲಸಕ್ಕೆ ಮಾತ್ರವಲ್ಲ, ದೇವರ ಕೋಣೆಗೂ ಸಂದಿದೆ. ಮದುವೆ, ಉಪನಯನಗಳಲ್ಲಿ ಅಂಕುರಾರ್ಪಣೆಯೆಂದು ಪಾಲಿಕೆಗಳಲ್ಲಿ ಧಾನ್ಯ ಬಿತ್ತುವುದನ್ನು ನೀವು ನೋಡಿದ್ದೀರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟಸ್ಥಾಪನೆ ಮಾಡಿ, ಕಲಶದ ಸುತ್ತ ಮಣ್ಣು ಹರಡಿ ಧಾನ್ಯ ಬಿತ್ತುತ್ತಾರೆ. ಒಂಬತ್ತು ದಿನಗಳಲ್ಲಿ ಮೊಳಕೆ ಗೇಣುದ್ದ ಏಳುತ್ತದೆ. ಬೆಳಕು ಕಡಿಮೆಯಾದ ಕೋಣೆಯಾದ್ದರಿಂದ ಅದರ ಬಣ್ಣ ಎಳೆ ಹಳದಿ.

ಇಂಥದೇ ಒಂದು ಆಚರಣೆ ಪ್ರಾಚೀನ ಗ್ರೀಸಿನಲ್ಲೂ ಇತ್ತು. ಅಡೋನಿಸನೆಂಬ ಚೆಲುವನ ಹಬ್ಬದಲ್ಲಿ ಹೆಂಗಸರು ಒಡೆದ ಮಡಕೆಗಳಲ್ಲಿ ಬೇಗ ಮೊಳೆಯುವ ಬೀಜಗಳನ್ನು ಬಿತ್ತಿ ಮಾಳಿಗೆಯ ಮೇಲೆ ಇಡುತ್ತಿದ್ದರು. ಮೊಳಕೆ ಕೆಲವೇ ದಿನಗಳಲ್ಲಿ ಎದ್ದು ಅಷ್ಟೇ ಬೇಗ ಬಾಡುತ್ತಿತ್ತು. ಪ್ಲೇಟೋ ತನ್ನ ಫೀಡ್ರಸ್ ಸಂವಾದದಲ್ಲಿ ಈ ಮಡಕೆತೋಟಗಳನ್ನು ನೆನೆಯುತ್ತಾನೆ. ಅಲ್ಲಿ ಸಾಕ್ರೆಟೀಸ್ ಹೇಳುವುದರ ಸಾರವಿಷ್ಟು: ಬುದ್ಧಿಯುಳ್ಳ ರೈತನು ಎಂಟು ದಿನದಲ್ಲಿ ಚೆಂದ ಕಾಣುವ ಮಡಕೆತೋಟವನ್ನು ಹಬ್ಬದ ಸಂತೋಷಕ್ಕಾಗಿ ಬೇಕಾದರೆ ಮಾಡಿಯಾನು, ತನಗೆ ಬೇಕಾದ ಬೀಜವನ್ನು ಮಾತ್ರ ತಕ್ಕ ನೆಲದಲ್ಲಿ ಬಿತ್ತಿ, ಎಂಟನೆಯ ತಿಂಗಳಿಗೆ ಬಲಿತರೂ ತೃಪ್ತಿಪಡುತ್ತಾನೆ. ಅವನು ಹೇಳುತ್ತಿದ್ದದ್ದು ವಿದ್ಯೆಯ ವಿಚಾರ. ಕೃಷಿಯನ್ನು ತಂದದ್ದು ಹೋಲಿಕೆಗೆ. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಈ ಮಾತು ಓದಿದಾಗಲೆಲ್ಲ ಒಳಗೆ ಚುಚ್ಚುತ್ತದೆ. ನಾವು ಶಾಲೆಗಳಲ್ಲಿ ಮಾಡಿದ್ದು ಎಂಟು ದಿನದ ತೋಟವೋ, ಎಂಟು ತಿಂಗಳ ಬೆಳೆಯೋ?

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಶಾಲೆಗಳ ಇತಿಹಾಸವನ್ನು ನೋಡೋಣ.

ಮೊಳೆಯುವ ಕಾಳಿನ ಒಳಗನ್ನು ಕಣ್ಣಿಟ್ಟು ನೋಡಿದವರು ಮೊದಲು ವಿಜ್ಞಾನಿಗಳು. ಇಟಲಿಯ ಮಾಲ್ಪೀಗಿ 1670ರ ದಶಕದಲ್ಲಿ ಪ್ರಕಟಿಸಿದ ಸಸ್ಯರಚನೆಯ ಗ್ರಂಥದಲ್ಲಿ ಮೊಳಕೆಯ ಹಂತಗಳನ್ನು ಚಿತ್ರಿಸಿದ. ಇಂಗ್ಲೆಂಡಿನ ತಾಮಸ್ ಆಂಡ್ರ್ಯೂ ನೈಟ್ 1806ರಲ್ಲಿ, ನೀರಿನ ರಭಸಕ್ಕೆ ತಿರುಗುವ ಚಕ್ರಕ್ಕೆ ಕಾಳುಗಳನ್ನು ಕಟ್ಟಿ, ಬೇರು ಕೆಳಗಿಳಿಯಲು ಭೂಮಿಯ ಸೆಳೆತವೇ ಕಾರಣವೆಂದು ತೋರಿಸಿದ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನೊಡನೆ ಮೊಳಕೆಗಳ ತುದಿಗೆ ಟೊಪ್ಪಿ ತೊಡಿಸಿ, ಬೆಳಕನ್ನು ಅರಿಯುವುದು ತುದಿಯಾದರೆ ಬಾಗುವುದು ಅದರ ಕೆಳಗಿನ ಭಾಗವೆಂದು 1880ರಲ್ಲಿ ಬರೆದ. ನಾವು ಕಿಟಕಿಯಲ್ಲಿಟ್ಟ ಲೋಟವನ್ನು ಅತ್ತಿತ್ತ ತಿರುಗಿಸಿ ಸಸಿ ಬಾಗುವುದನ್ನು ನೋಡುತ್ತಿದ್ದೆವಲ್ಲ, ಅದು ಇವರೆಲ್ಲ ನಮಗೆ ಬಿಟ್ಟುಹೋದ ಆಸ್ತಿ.

ಮಕ್ಕಳ ಕೈಗೆ ಕಾಳನ್ನು ಕೊಟ್ಟವನೆಂದರೆ ಫ್ರೆಂಚ್ ಭಾಷೆಯ ಲೇಖಕ ರೂಸೋ. 1762ರಲ್ಲಿ ಬಂದ ಅವನ 'ಎಮಿಲ್' ಗ್ರಂಥದಲ್ಲಿ ಬಾಲಕ ಎಮಿಲ್ ಗುರುವಿನೊಡನೆ ಅವರೆ ಜಾತಿಯ ಕಾಳನ್ನು ಬಿತ್ತಿ, ದಿನವೂ ನೀರೆರೆದು, ಮೊಳಕೆ ಕಂಡು ಹಿಗ್ಗುತ್ತಾನೆ. ಒಂದು ದಿನ ಹೋಗಿ ನೋಡಿದರೆ ಸಸಿಗಳನ್ನೆಲ್ಲ ಯಾರೋ ಕಿತ್ತುಹಾಕಿದ್ದಾರೆ. ಹುಡುಗ ಅಳುತ್ತಾನೆ. ಕಿತ್ತವನು ತೋಟಗಾರ ರಾಬರ್ಟ್. ಅವನ ದೂರು ಅದಕ್ಕಿಂತ ದೊಡ್ಡದು: ಆ ನೆಲದಲ್ಲಿ ತಾನು ಮೊದಲೇ ಬಿತ್ತಿದ್ದ ಮಾಲ್ಟಾದ ಅಪರೂಪದ ಕರಬೂಜವನ್ನು ಈ ಗುರುಶಿಷ್ಯರು ಅಗೆದು ಹಾಳುಮಾಡಿದ್ದರು. ದುಡಿದವನಿಗೆ ದುಡಿಮೆಯ ಮೇಲಿರುವ ಹಕ್ಕನ್ನು ರೂಸೋ ಒಂದು ಹಿಡಿ ಕಾಳಿನಿಂದ ಕಲಿಸಿದ. ಆ ವರ್ಷವೇ ಪ್ಯಾರಿಸಿನಲ್ಲೂ ಜಿನೀವಾದಲ್ಲೂ ಈ ಪುಸ್ತಕವನ್ನು ಸುಡಿಸಿದರೆಂಬುದು ಬೇರೆ ಮಾತು.

ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟವೆಂದು ಹೆಸರಿಟ್ಟ. ಇಂದು ನಮ್ಮ ಬೀದಿಬೀದಿಗಳಲ್ಲಿ ಈ ಹೆಸರಿನ ಹಲಗೆಗಳಿವೆ. ತೋಟ ಮಾತ್ರ ಇಲ್ಲ. ಫ್ರೋಬೆಲನಿಗೆ ಅದು ಬರಿಯ ಅಲಂಕಾರದ ಹೆಸರಾಗಿರಲಿಲ್ಲ. ಪ್ರತಿ ಮಗುವಿಗೂ ತನ್ನದೇ ಒಂದು ಪುಟ್ಟ ಪಾತಿ, ಅವುಗಳ ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ದೊಡ್ಡ ಪಾತಿ. ತನ್ನದನ್ನು ನೋಡಿಕೊಳ್ಳುವುದೂ ಎಲ್ಲರದನ್ನು ನೋಡಿಕೊಳ್ಳುವುದೂ ಒಂದೇ ನೆಲದಲ್ಲಿ ಕಲಿಯಬೇಕೆಂಬುದು ಅವನ ಆಶಯ. 1851ರಲ್ಲಿ ಪ್ರಷ್ಯಾ ಸರ್ಕಾರ ಈ ಶಾಲೆಗಳನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಇತ್ತ ಆಸ್ಟ್ರಿಯಾ 1869ರ ಶಾಲಾ ಕಾನೂನಿನಲ್ಲಿ, ಸಾಧ್ಯವಿರುವೆಡೆಯಲ್ಲೆಲ್ಲ ಹಳ್ಳಿಯ ಶಾಲೆಗೆ ತೋಟ ಇರಬೇಕೆಂದು ಬರೆಯಿತು.

ಅಮೆರಿಕದಲ್ಲಿ ಇದಕ್ಕೆ ಕಾರಣವಾದದ್ದು ಕಷ್ಟಕಾಲ. 1890ರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯ ಯುವಕರು ನಗರಕ್ಕೆ ಗುಳೆ ಹೊರಟಾಗ, ಮಕ್ಕಳಿಗೆ ತಮ್ಮ ಸುತ್ತಲ ಮಣ್ಣಿನ ಮೇಲೆ ಪ್ರೀತಿ ಹುಟ್ಟಿಸಬೇಕೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೇಯ್ಲಿ, ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಮೊದಲಾದವರು ಪ್ರಕೃತಿ ಪಾಠದ ಚಳವಳಿ ಕಟ್ಟಿದರು. ಕಾಮ್‌ಸ್ಟಾಕ್ 1911ರಲ್ಲಿ ಶಿಕ್ಷಕರಿಗಾಗಿ ಬರೆದ ಕೈಪಿಡಿ ಒಂಬೈನೂರು ಪುಟಗಳಿಗೂ ಮಿಕ್ಕಿದ್ದು. ಗುಲಾಮಗಿರಿಯಲ್ಲಿ ಹುಟ್ಟಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಲಬಾಮದ ಟಸ್ಕೀಗೀಯಿಂದ 1910ರಲ್ಲಿ ಹಳ್ಳಿ ಶಾಲೆಗಳ ಪ್ರಕೃತಿ ಪಾಠ, ತೋಟಗಾರಿಕೆಗಳ ಬಗ್ಗೆ ಪುಸ್ತಿಕೆ ಹೊರಡಿಸಿದ. ಹತ್ತಿಯೊಂದನ್ನೇ ಬೆಳೆದು ಸವೆದ ನೆಲದಲ್ಲಿ ಬದುಕುತ್ತಿದ್ದ ಬಡ ಕಪ್ಪುಜನರ ಮಕ್ಕಳಿಗೆ ತರಕಾರಿ ಪಾತಿಯೆಂದರೆ ಊಟದ ತಟ್ಟೆಯೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವೇ ಶಾಲಾ ಮಕ್ಕಳ ತೋಟಸೇನೆ ಕಟ್ಟಿತು. ಯುದ್ಧ ಮುಗಿಯಿತು, ಹಣ ನಿಂತಿತು, ಸೇನೆಯೂ ಚದುರಿತು.

ನಮ್ಮ ದೇಶಕ್ಕೆ ಬರೋಣ. ರವೀಂದ್ರನಾಥ ಠಾಕೂರರು 1924ರಲ್ಲಿ ಹಳ್ಳಿಯ ಮಕ್ಕಳಿಗಾಗಿ ಶಿಕ್ಷಾಸತ್ರವನ್ನು ಆರಂಭಿಸಿದರು. ಅಲ್ಲಿ ತೋಟದ ಕೆಲಸವೂ ಕೈಕಸುಬೂ ಪಾಠದ ಭಾಗವೇ. ಅನಂತರ 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ. ಝಾಕಿರ್ ಹುಸೇನರ ಸಮಿತಿ ರೂಪಿಸಿದ ಮೂಲಶಿಕ್ಷಣ ಯೋಜನೆಯಲ್ಲಿ ನೂಲುವುದು, ನೇಯುವುದು, ಮರಗೆಲಸಗಳ ಜೊತೆಗೆ ವ್ಯವಸಾಯ ಮತ್ತು ತೋಟಗಾರಿಕೆಗೂ ಮೂಲ ಕಸುಬಿನ ಸ್ಥಾನ ದೊರೆಯಿತು. ಗಣಿತ, ವಿಜ್ಞಾನ, ಭಾಷೆ ಎಲ್ಲವೂ ಕಸುಬಿನ ಸುತ್ತಲೇ ಹೆಣೆದುಕೊಳ್ಳಬೇಕು. ಮಕ್ಕಳು ಬೆಳೆದದ್ದು ಶಾಲೆಯ ವೆಚ್ಚಕ್ಕೆ ಒದಗಬೇಕು. ಅಂದರೆ ಮೊಳಕೆ ಬಂದಿತೆಂದು ಅಲ್ಲಿ ಪಾಠ ಮುಗಿಯುವಂತಿರಲಿಲ್ಲ. ಬೆಳೆ ಬಂದು, ತೂಕವಾಗಿ, ಲೆಕ್ಕ ಬರೆದ ಮೇಲೆಯೇ ಪಾಠ ಮುಗಿಯುತ್ತಿತ್ತು.

ಆದರೆ ತಂದೆತಾಯಿಗಳಿಗೆ ಬೇಕಾಗಿದ್ದದ್ದು ಬೇರೆ. ನೇಗಿಲಿನಿಂದ ಮಗನನ್ನು ಬಿಡಿಸಲೆಂದು ಶಾಲೆಗೆ ಕಳಿಸಿದವರಿಗೆ, ಅಲ್ಲಿಯೂ ಗುದ್ದಲಿ ಕೊಟ್ಟರೆ ಒಪ್ಪಿಗೆಯಾದೀತೆ? ಅವರ ಮನಸ್ಸನ್ನು ನಾನು ಹಳಿಯಲಾರೆ; ನನ್ನ ತಂದೆಯವರೂ ಹಾಗೆಯೇ ಯೋಚಿಸಿದವರು. ಮೂಲಶಿಕ್ಷಣ 1960ರ ದಶಕದ ಹೊತ್ತಿಗೆ ಸೊರಗಿತು. 1964-66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವವೆಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಉದ್ದನೆಯ ಹೆಸರಿಟ್ಟಿತು. ಎಸ್.ಯು.ಪಿ.ಡಬ್ಲ್ಯು. ಎಂದು ವೇಳಾಪಟ್ಟಿಯ ಕೊನೆಯ ಅವಧಿಯಲ್ಲಿ ಕುಳಿತಿದ್ದ ಅದು ನಿಮಗೆ ನೆನಪಿರಬೇಕು. ಗಣಿತ ಮುಗಿಯದಿದ್ದರೆ ಆ ಅವಧಿಯನ್ನು ನುಂಗುತ್ತಿದ್ದವರಲ್ಲಿ ನಾನೂ ಒಬ್ಬ.

ಈ ಇನ್ನೂರೈವತ್ತು ವರ್ಷಗಳ ಕಥೆಯಲ್ಲಿ ನನಗೆ ಕಾಣುವುದು ಒಂದೇ ಸಂಗತಿ. ಬೀಜ ಶಾಲೆಯೊಳಕ್ಕೆ ಬಂದಾಗಲೆಲ್ಲ ಇಡಿಯಾಗಿ ಬಂದಿತು: ರೂಸೋವಿನಲ್ಲಿ ದುಡಿಮೆಯ ಹಕ್ಕಾಗಿ, ಫ್ರೋಬೆಲನಲ್ಲಿ ಕೂಡಿಬಾಳುವ ಪಾತಿಯಾಗಿ, ಕಾರ್ವರನಲ್ಲಿ ಅನ್ನವಾಗಿ, ವಾರ್ಧಾದಲ್ಲಿ ಸ್ವಾವಲಂಬನೆಯಾಗಿ. ಆದರೆ ವೇಳಾಪಟ್ಟಿಗೂ ಪರೀಕ್ಷೆಗೂ ಹಿಡಿಸಿದ್ದು ಅದರ ಮೊದಲ ಎಂಟು ದಿನ ಮಾತ್ರ. ಮೊಳಕೆ ತರಗತಿಯಲ್ಲಿ ಉಳಿಯಿತು. ಬೆಳೆ ಹೊರಗೆ ಉಳಿಯಿತು. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಐದು ಅಂಕ.

ಇನ್ನು ನನ್ನ ಕಥೆ. ಅದು 1972ರ ಬರದ ವರ್ಷ. ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿದ್ದ ನಾನು ಬಯಲುಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ತರಬೇತಿಯಲ್ಲಿ ಕಲಿತ ಲೋಟದ ಪ್ರಯೋಗವನ್ನು ಮಾಡಿಸಬೇಕೆಂಬ ಉತ್ಸಾಹ. ಜುಲೈ ತಿಂಗಳಲ್ಲಿ ಒಂದು ದಿನ, ಪ್ರತಿಯೊಬ್ಬರೂ ನಾಳೆ ಹತ್ತು ಅವರೆಕಾಳು ತರಬೇಕೆಂದು ಆಜ್ಞೆ ಮಾಡಿದೆ. ಮಳೆ ಕೈಕೊಟ್ಟ ವರ್ಷ ಹತ್ತು ಕಾಳೆಂದರೆ ಏನೆಂಬುದು ನನಗೆ ಹೊಳೆಯಲಿಲ್ಲ. ಕೆಲವರು ಮೂರು ತಂದರು, ಕೆಲವರು ತರಲೇ ಇಲ್ಲ. ಒಬ್ಬ ಹುಡುಗಿ ಮಾತ್ರ ಸೆರಗಿನ ತುಂಡಿನಲ್ಲಿ ಕಟ್ಟಿಕೊಂಡು ಸರಿಯಾಗಿ ಹತ್ತು ತಂದಿದ್ದಳು. ಬೂದಿ ಬೆರೆಸಿ ಮಡಕೆಯಲ್ಲಿಟ್ಟಿದ್ದ ಬಿತ್ತನೆಯ ಕಾಳು. ಕೈಗೆ ಬೂದಿ ಅಂಟುತ್ತಿತ್ತು. "ನಮ್ಮಜ್ಜಿ ಎಣ್ಸಿ ಕೊಟ್ಟೈತೆ ಸಾ" ಎಂದಳು.

ಗಾಜಿನ ಲೋಟಗಳು ನಮಗೆ ಎಲ್ಲಿಂದ ಬರಬೇಕು? ಇದ್ದ ಎರಡರ ಜೊತೆಗೆ ತೆಂಗಿನ ಚಿಪ್ಪುಗಳಲ್ಲಿ ಒದ್ದೆ ಬಟ್ಟೆಯಿಟ್ಟು ಕಿಟಕಿಯ ಮೇಲೆ ಸಾಲಾಗಿ ಜೋಡಿಸಿದೆವು. ಹಲವರ ಕಾಳು ಬೂಷ್ಟು ಹಿಡಿದವು. ಆ ಹುಡುಗಿಯದು ಹತ್ತಕ್ಕೆ ಹತ್ತೂ ಮೊಳೆತವು. ಎಂಟು ದಿನ ಪಾಠ ಸೊಗಸಾಗಿ ನಡೆಯಿತು. ಬೇರು, ಕಾಂಡ, ಬೀಜದಳ ಎಲ್ಲವನ್ನೂ ತೋರಿಸಿದೆ. ಮಕ್ಕಳು ಚಿತ್ರ ಬರೆದರು. ಒಂಬತ್ತನೆಯ ದಿನ ಅವಳು ಎದ್ದುನಿಂತು ಕೇಳಿದಳು: "ಸಾ, ಇವ್ನ ಇನ್ನೆಲ್ಲಿ ನೆಡೋದು?"

"ನೆಡುವುದೇನು ಬಂತು? ಪಾಠ ಮುಗಿಯಿತು, ಕುಳಿತುಕೋ" ಎಂದೆ. ಸಂಜೆ ಚಿಪ್ಪುಗಳನ್ನೆಲ್ಲ ಶಾಲೆಯ ಹಿಂದಿನ ತಿಪ್ಪೆಗೆ ಸುರಿಸಿದೆ.

ಮರುದಿನ ಅವಳ ಉಗುರುಗಳಲ್ಲಿ ಮಣ್ಣಿತ್ತು. ನನಗೆ ಅದರ ಅರ್ಥ ತಿಳಿದದ್ದು ವಾರ ಕಳೆದ ಮೇಲೆ. ಶಾಲೆಯ ಕತ್ತಾಳೆ ಬೇಲಿಯ ಬುಡದಲ್ಲಿ ಏಳು ಸಸಿಗಳು ಸಾಲಾಗಿ ನಿಂತಿದ್ದವು. ತಿಪ್ಪೆಯಿಂದ ಹೆಕ್ಕಿ ತಂದು ನೆಟ್ಟಿದ್ದಳು. ಕುಡಿಯಲು ಕೊಟ್ಟ ನೀರಿನಲ್ಲಿ ಉಳಿಸಿ ಅವಕ್ಕೆ ಹನಿಸುತ್ತಿದ್ದಳು. ನಾನು ಏನೂ ಹೇಳಲಿಲ್ಲ, ಹೇಳಲು ಮುಖವಿರಲಿಲ್ಲ. ಆಮೇಲೆ ಕೈಕಾಲು ತೊಳೆದ ನೀರನ್ನು ಬೇಲಿಯ ಕಡೆಗೆ ಹರಿಯುವಂತೆ ಮಾಡಿದೆ, ಅಷ್ಟೆ. ಏಳರಲ್ಲಿ ಮೂರು ಉಳಿದವು. ಹಗಲು ಕಿರಿದಾಗುವ ಕಾಲಕ್ಕೆ ಬಳ್ಳಿ ಹೂವಾಯಿತು. ಧನುರ್ಮಾಸದಲ್ಲಿ ಕಾಯಿ ಬಲಿತು ಒಣಗಿದಾಗ ಅವಳು ಒಂದು ಹಿಡಿ ಕಾಳು ತಂದು ನನ್ನ ಮೇಜಿನ ಮೇಲಿಟ್ಟಳು. "ಬಿತ್ನೆಗೆ ಹತ್ತು ಕಾಳು ಅಜ್ಜಿ ಎತ್ತಿಟ್ಕಂಡೈತೆ ಸಾ. ಇವು ನಿಮ್ಗೆ."

ಆ ಅಜ್ಜಿ ಶಾಲೆಗೆ ಕಾಳು ಕೊಟ್ಟಿರಲಿಲ್ಲ, ಸಾಲ ಕೊಟ್ಟಿದ್ದಳು. ಅದನ್ನು ತೀರಿಸಿದ್ದು ಮೊಮ್ಮಗಳು. ತಿಪ್ಪೆಗೆ ಎಸೆದವನು ನಾನು. ನಿವೃತ್ತನಾಗುವವರೆಗೂ ಪ್ರತಿವರ್ಷ ಆ ಪ್ರಯೋಗ ಮಾಡಿಸಿದೆ. ಒಂದು ಸಸಿಯನ್ನೂ ಎಸೆಯಲು ಬಿಡಲಿಲ್ಲ. ನಿಮ್ಮಲ್ಲಿ ಕೆಲವರು, "ಮೇಷ್ಟ್ರು ಬೇಲಿ ಸಾಲಿನಲ್ಲಿ ಅವರೆ ನೆಡಿಸಿ ಗೋಳು ಹುಯ್ದುಕೊಂಡರು" ಎಂದು ಈಗಲೂ ನಗುತ್ತೀರಿ. ಆ ಗೋಳಿನ ಮೂಲ ಇದು.

ಮಿನ್ನೆಸೋಟದ ಶಿಷ್ಯನ ಸಮಸ್ಯೆಗೂ ಇದಕ್ಕೂ ಸಂಬಂಧವಿದೆ. ಹಿಂದಿನ ವರ್ಷ ಅವನ ಸಸಿಗಳು ಒಳಗೆ ಚೆನ್ನಾಗಿದ್ದು, ಹೊರಗೆ ನೆಟ್ಟ ಎರಡೇ ದಿನಕ್ಕೆ ಸತ್ತಿದ್ದವಂತೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈಗ ಬೆಂಗಳೂರಿನ ಮಹಡಿ ಮನೆಗಳಲ್ಲೂ ಪ್ರೋಟ್ರೇ, ಕೋಕೋಪೀಟ್ ಹಿಡಿದವರು ಬಹಳ. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟಿಗಿಂತ ಆಳ ಹಾಕಬೇಡಿ. ಮೊಳೆಯುವವರೆಗೆ ಬೆಚ್ಚಗಿರಲಿ, ಮೊಳೆತ ಕೂಡಲೇ ಬೆಳಕು ಕೊಡಿ. ಬೆಳಕು ಸಾಲದಿದ್ದರೆ ನವರಾತ್ರಿಯ ಘಟದ ಸಸಿಯಂತೆ ಉದ್ದವಾಗಿ, ಬೆಳ್ಳಗೆ, ಬಲವಿಲ್ಲದೆ ಏಳುತ್ತವೆ. ನೀರು ಹೆಚ್ಚಾಗಿ ಗಾಳಿಯಾಡದಿದ್ದರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗುತ್ತವೆ. ತಳದಲ್ಲಿ ತೂತಿಲ್ಲದ ಪಾತ್ರೆಯಲ್ಲಿ ಸಸಿ ಎಬ್ಬಿಸಬೇಡಿ. ಚಳಿದೇಶದಲ್ಲಿರುವವರು ಟೊಮೇಟೊವನ್ನು ಕೊನೆಯ ಹಿಮಕ್ಕೆ ಆರರಿಂದ ಎಂಟು ವಾರ ಮೊದಲು ಬಿತ್ತಬಹುದು. ಅವರೆ, ಬೀನ್ಸ್, ಸೌತೆಗಳಿಗೆ ಬೇರು ಅಲುಗಿದರೆ ಆಗದು. ಅವುಗಳಿಗೆ ಒಳಗೆ ಎರಡು ಮೂರು ವಾರ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಹಂತ. ದೀಪದಡಿಯಲ್ಲಿ ಬೆಳೆದ ಸಸಿಯ ಎಲೆ ಮೃದು. ನೇರ ಬಿಸಿಲು, ಗಾಳಿ ಅದಕ್ಕೆ ಗೊತ್ತಿಲ್ಲ. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ಮರುದಿನ ಇನ್ನಷ್ಟು, ಆಮೇಲೆ ಎಳೆಬಿಸಿಲು, ನೀರು ಸ್ವಲ್ಪ ಕಡಿಮೆ. ಹೀಗೆ ಏಳರಿಂದ ಹತ್ತು ದಿನ ಹದಗೊಳಿಸಿ, ಸಂಜೆಯ ಹೊತ್ತು ನೆಡಬೇಕು. ನಮ್ಮ ನರ್ಸರಿಯವರು ಸಸಿ ಕೀಳುವ ಮುನ್ನ ಕೆಲವು ದಿನ ನೀರು ಹಿಡಿಯುವುದೂ ಇದಕ್ಕಾಗಿಯೇ. ನನ್ನ ಶಿಷ್ಯ ಇದೊಂದು ಹಂತವನ್ನು ಬಿಟ್ಟಿದ್ದ. "ನೀವು ನಮಗೂ ಇದನ್ನು ಹೇಳಿರಲಿಲ್ಲ ಮೇಷ್ಟ್ರೇ" ಎಂದ. ಅವನು ನನ್ನ ತರಗತಿಯ ಬೇಲಿಸಾಲಿನವನೇ. ನಮ್ಮೂರಿನಲ್ಲಿ ಕಿಟಕಿಯ ಬಿಸಿಲಿಗೂ ಬೇಲಿಯ ಬಿಸಿಲಿಗೂ ಅಷ್ಟು ಅಂತರವಿರಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಇನ್ನೊಂದು ಸಂಗತಿ. ಅಲ್ಲಿ ಸ್ನೇಹಿತರಿಂದ ಸಿಕ್ಕ ನಾಟಿ ಅವರೆಯನ್ನು ಅವನು ಬೆಳೆಸಿದ್ದಾಗ ಬಳ್ಳಿ ಮನೆಯೆತ್ತರ ಹಬ್ಬಿಯೂ ಹೂ ಬಿಡಲಿಲ್ಲವಂತೆ. ಹಳೆಯ ಅವರೆ ಹಗಲು ಕಿರಿದಾಗದೆ ಹೂವಾಗದು. ಅಲ್ಲಿ ಹಗಲು ಕಿರಿದಾಗುವಷ್ಟರಲ್ಲಿ ಚಳಿ ಕೊಲ್ಲುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದದ ಹಂಗಿಲ್ಲದೆ ಯಾವ ಕಾಲದಲ್ಲೂ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ರೂಪಿಸಿದ್ದು ಈ ಗುಣವನ್ನು ಅರಿತೇ. ನೆಲಕ್ಕೆ ತಕ್ಕ ಬೀಜವನ್ನು ಆರಿಸುವುದೂ ಪಾಠದ ಒಂದು ಭಾಗ.

ಕಾಲ ಮತ್ತೆ ತಿರುಗುತ್ತಿರುವಂತೆ ಕಾಣುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಲು ಮಾರ್ಗಸೂಚಿ ಹೊರಡಿಸಿತು. ಬೆಳೆದ ತರಕಾರಿ ಬಿಸಿಯೂಟಕ್ಕೆ ಸೇರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿ, ಅಲ್ಲಿ ಕಲಿಯಬಹುದಾದ ಕಸುಬುಗಳಲ್ಲಿ ತೋಟಗಾರಿಕೆಯನ್ನೂ ಹೆಸರಿಸಿದೆ. ಸಂತೋಷವೇ. ಆದರೆ ಹತ್ತು ದಿನವೆಂದರೆ ಪುನಃ ಅದೇ ಮಡಕೆತೋಟದ ಅವಧಿ. ನನ್ನ ಶಿಷ್ಯರಲ್ಲಿ ಈಗ ಶಿಕ್ಷಕರಾಗಿರುವವರಿಗೆ ನನ್ನದೊಂದೇ ಬೇಡಿಕೆ: ಹನ್ನೊಂದ ನೆಯ ದಿನಕ್ಕೆ ಸಸಿ ಎಲ್ಲಿ ಹೋಗಬೇಕೆಂಬುದನ್ನು ಮೊದಲ ದಿನವೇ ನಿಶ್ಚಯಿಸಿ, ಆಮೇಲೆ ಕಾಳನ್ನು ನೆನೆಹಾಕಿಸಿ.

ಆ ಮಗುವಿಗೆ ಏನು ಉತ್ತರ ಕೊಟ್ಟೆನೆಂದು ಕೇಳುವಿರೇನೋ. "ಈಗ ದೊಡ್ಡ ಕುಂಡದಲ್ಲಿ ನೆಟ್ಟು ದೀಪದ ಕೆಳಗೆ ಇಡು ಪುಟ್ಟಿ. ಅದೇ ಬೀನ್ಸಿನ ಬೇರೆ ಕಾಳುಗಳನ್ನು ಮೇ ತಿಂಗಳ ಕೊನೆಗೆ ಅಂಗಳದಲ್ಲಿ ಬಿತ್ತು. ಕಾಯಿ ಬಂದರೆ ಎಲ್ಲವನ್ನೂ ತಿನ್ನಬೇಡ, ಒಂದಷ್ಟನ್ನು ಗಿಡದಲ್ಲೇ ಒಣಗಲು ಬಿಡು" ಎಂದೆ. ಅವಳು ತಲೆಯಾಡಿಸಿದಳು. ಮಕ್ಕಳು ಮರೆಯುತ್ತಾರೆ, ನಾನೂ ಮರೆತೆ.

ಸೆಪ್ಟೆಂಬರ್ ಕೊನೆಯಲ್ಲಿ ಫೋನಿಗೆ ಒಂದು ಚಿತ್ರ ಬಂತು. ಪುಟ್ಟ ಅಂಗೈಯಲ್ಲಿ ಒಣಗಿದ ಕಾಳುಗಳು. ಕನ್ನಡಕ ಹಾಕಿಕೊಂಡು ಎಣಿಸಿದೆ. ಹತ್ತು ಇದ್ದವು.